ಸುತ್ತುಮಾತಿಗೆ ಹೆಸರಿಡುತ್ತಿದ್ದ ವರ್ತಕ

"ಗುರುಗಳೇ, ಎತ್ತೆತ್ತಲೋ ಹರಿದಾಡುವ ಮಾತಿಗೆ ಸರಿಯಾದ ಹೆಸರು ಯಾವುದು?" ಎಂದು ಶಿಷ್ಯ ಸಂಗಯ್ಯ ಕೇಳಿದ. "ಹರಟೆ ಅನ್ನುತ್ತಾರೆ, ಹಲುಬು ಅನ್ನುತ್ತಾರೆ, ಗಳಹು ಅನ್ನುತ್ತಾರೆ. ಹೊಳೆಯಾಚೆಯ ನಮ್ಮೂರಿನಿಂದ ಇವತ್ತು ಒಬ್ಬ ಹಿರಿಯರು ಬಂದಿದ್ದರು. ನಮ್ಮ ಮನೆಯ ನೆರೆಯವರೇ. ಮಾವಿನ ಹೂವಿನಿಂದ ಹಿಡಿದು ಮಗ್ಗದ ನೂಲಿನವರೆಗೆ ಮಾತಾಡಿದರು. ಬಂದ ಕೆಲಸವೇನೆಂದು ಕೊನೆಗೂ ತಿಳಿಯಲಿಲ್ಲ. ಈಗಷ್ಟೇ ಪ್ರಸಾದ ಕೊಟ್ಟು ಕಳಿಸಿದೆ. ಅವರ ಮಾತನ್ನು ಯಾವುದಕ್ಕೆ ಸೇರಿಸಲಿ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಎಣ್ಣೆ ವರ್ತಕನಿದ್ದ. ಅಳತೆಯಲ್ಲಿ ಮೋಸವಿಲ್ಲ, ಮಾತಿನಲ್ಲಿ ಪೋಲಿಲ್ಲ. ಗಿರಾಕಿ ಬಿಸಿಲು ಜಾಸ್ತಿ ಎಂದರೆ ಇವನು ಎಷ್ಟು ಸೇರು ಎನ್ನುತ್ತಿದ್ದ. ಬೇರೆಯವರ ಮಾತು ದಾರಿ ಬಿಟ್ಟರೆ ಅದಕ್ಕೊಂದು ಹೆಸರಿಡುವುದು ಅವನ ಚಟ. ಹೇಳಿದ್ದನ್ನೇ ಹೇಳಿದರೆ ಹಲುಬು. ಊರ ಸುದ್ದಿ ತಂದು ಸುರಿದರೆ ಹರಟೆ. ಉಸಿರು ಬಿಡದೆ ಆಡಿದರೆ ಬಡಬಡಿಕೆ. ತಲೆಬುಡ ಇಲ್ಲದಿದ್ದರೆ ಗಳಹು. ಪೇಟೆಯವರು ಇದನ್ನು ಕಲಿತು ತಾವೂ ಆಡುತ್ತಿದ್ದರು. ಅದು ವರ್ತಕನಿಗೆ ಎಣ್ಣೆ ಮಾರಿದ್ದಕ್ಕಿಂತ ಹೆಚ್ಚಿನ ಸಂತೋಷ.

ಅವನಿಗೆ ಒಬ್ಬಳೇ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸಾಕಿದವಳು ಅವಳೇ. ದೂರದ ಹಳ್ಳಿಗೆ ಮದುವೆಯಾಗಿ ಹೋಗಿದ್ದಳು. ಆಕೆ ಹಾಸಿಗೆ ಹಿಡಿದಳು. ತಮ್ಮನನ್ನು ಒಮ್ಮೆ ನೋಡಬೇಕೆಂದು ನೆರೆಮನೆಯ ರೈತನನ್ನು ಪೇಟೆಗೆ ಕಳಿಸಿದಳು.

ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು. ಕೊಟ್ಟ ಹೆಣ್ಣಿನ ಕಾಯಿಲೆಯ ಸುದ್ದಿಯನ್ನು ತವರಿನವರು ಕೇಳುವ ತನಕ ಹೇಳಬಾರದು. ಕೇಳದೆ ಹೇಳಿದರೆ ಸಾವನ್ನು ಕೂಗಿ ಕರೆದಂತೆ. ಅಕ್ಕ ಹೇಗಿದ್ದಾಳೆ ಎಂದು ಒಂದು ಮಾತು ಕೇಳಿದರೆ ಸಾಕು, ಬಂದವನ ನಾಲಿಗೆಯ ಕಟ್ಟು ಬಿಚ್ಚುತ್ತಿತ್ತು. ವರ್ತಕನಿಗೆ ಇದು ಗೊತ್ತಿಲ್ಲದ್ದೇನಲ್ಲ.

ರೈತ ಅಂಗಡಿಯ ಜಗಲಿಯಲ್ಲಿ ಕೂತ. "ಮಳೆ ಈ ಸಲ ಕೈ ಕೊಡಲಿಲ್ಲ, ಸಾವ್ಕಾರ್ರೆ. ನಮ್ಮೆತ್ತಿಗೆ ಕಾಲು ಬಾತಿತ್ತು, ಈಗ ವಾಸಿ. ನಿಮ್ಮಕ್ಕನ ಮನೆ ಬಾವೀಲಿ ನೀರು ಬೇಕಾದಷ್ಟೈತೆ. ಈಗೀಗ ನಮ್ಮ ಸೊಸೇನೇ ಸೇದಿ ಕೊಡ್ತಾಳೆ. ಹುಣಸೆ ಚೆನ್ನಾಗಿ ಬಿಟ್ಟೈತೆ. ಹೋದ ವರ್ಷ ನಿಮ್ಮಕ್ಕನೇ ನಿಂತು ಮರ ಬಡಿಸಿ ಹಣ್ಣು ಉದುರಿಸಿದ್ರು. ಈ ಸಲ ಹಂಗೇ ಮರದಲ್ಲೈತೆ." ಹೀಗೆ ಒಂದೊಂದು ಮಾತಿಗೂ ನಿಂತು ಅವನು ವರ್ತಕನ ಮುಖ ನೋಡಿದ. ಆಮೇಲೆ ಮತ್ತೆ ಎತ್ತಿನ ಸುದ್ದಿಗೆ ಹೋದ.

ಅಕ್ಕನ ಹೆಸರು ಬಂದಾಗ ವರ್ತಕನ ಮನಸ್ಸು ಒಮ್ಮೆ ಅತ್ತ ಹೊರಳಿತು. ಕೇಳೋಣ ಎಂದುಕೊಂಡ. ಕೇಳಿದರೆ ಈ ಮನುಷ್ಯ ಸಂಜೆಯ ತನಕ ಏಳುವುದಿಲ್ಲ ಎಂದು ಸುಮ್ಮನಾದ. ಅಲ್ಲದೆ ಅವನಿಗೆ ಬೇರೊಂದು ಕೆಲಸವಿತ್ತು. ಈ ಮಾತಿನ ಹೆಸರು ಇನ್ನೂ ಸಿಕ್ಕಿರಲಿಲ್ಲ.

ಕೊನೆಗೆ ತೊಡೆ ತಟ್ಟಿದ. "ಇದು ಹರಟೆಯಲ್ಲ, ಹಲುಬೂ ಅಲ್ಲ. ಅಪ್ಪಟ ಗಳಹು! ತಲೆ ಎತ್ತಿನ ಕೊಟ್ಟಿಗೆಯಲ್ಲಿ, ಬಾಲ ಹುಣಸೆಮರದ ಮೇಲೆ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ರೈತನೂ ಮರ್ಯಾದೆಗೆ ಸ್ವಲ್ಪ ನಕ್ಕು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಅಮಾವಾಸ್ಯೆ ಕಳೆದ ಮೇಲೆ ಅಕ್ಕನ ಮಗ ಬಂದ. ತಲೆ ಬೋಳಿಸಿಕೊಂಡಿದ್ದ. ಹೊಸ್ತಿಲಾಚೆಯೇ ನಿಂತು ಹೇಳಿದ.

"ಅವ್ವ ಹೋದ್ಲು, ಮಾವ. ನೀವು ಬರ್ತೀರಿ ಅಂತ ಕೊನೇ ತನಕ ಬಾಗಿಲು ಹಾಕೋಕೆ ಬಿಡ್ಲಿಲ್ಲ."

ಅದರಲ್ಲಿ ಹೆಚ್ಚಿನ ಮಾತು ಒಂದೂ ಇರಲಿಲ್ಲ. ವರ್ತಕನ ಜೀವಮಾನದಲ್ಲಿ ಅಷ್ಟು ನೆಟ್ಟಗೆ ಅವನೊಡನೆ ಯಾರೂ ಮಾತಾಡಿರಲಿಲ್ಲ. ಅವನು ಗಲ್ಲಾಪೆಟ್ಟಿಗೆಯ ಮುಂದೆಯೇ ಕುಸಿದು ಮಗುವಿನ ಹಾಗೆ ಅತ್ತ.

ಸಂಗಯ್ಯನಿಗೆ ತಡೆಯಲಾಗಲಿಲ್ಲ. "ತಪ್ಪು ರೈತನದೂ ಇದೆ, ಗುರುಗಳೇ. ಕಟ್ಟಳೆ ಬದಿಗಿಟ್ಟು ಹೇಳಿಬಿಡಬಹುದಿತ್ತಲ್ಲ?"

"ಹೇಳಬಹುದಿತ್ತು" ಎಂದರು ಗುರುಗಳು. "ವರ್ತಕನೂ ಸಾಯುವ ತನಕ ಅದನ್ನೇ ಹೇಳುತ್ತಿದ್ದ. ಎಣ್ಣೆಗೆ ಬಂದವರನ್ನೆಲ್ಲ ಕೂರಿಸಿಕೊಂಡು ಆ ಎತ್ತು, ಆ ಬಾವಿ, ಆ ಹುಣಸೆ ಎಂದು ಮೊದಲಿನಿಂದ ಶುರು ಮಾಡುತ್ತಿದ್ದ. ಪೇಟೆಯವರು ಅವನ ಬಳಿಯೇ ಕಲಿತವರಲ್ಲವೇ? ಹಲುಬು ಎಂದು ಹೆಸರಿಟ್ಟು ಎಣ್ಣೆ ತೆಗೆದುಕೊಂಡು ಹೋಗುತ್ತಿದ್ದರು."

ಸಂಗಯ್ಯ ಬಿಡಲಿಲ್ಲ. "ಆದರೆ ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ನಮ್ಮೂರಿನ ಹಿರಿಯರ ಮಾತಿಗೆ ಏನು ಹೆಸರು?"

ಗುರುಗಳು ಹೇಳಿದರು: "ಅವರು ಇನ್ನೂ ಹೊಳೆ ದಾಟಿರಲಾರರು."