ಐದು ಒಪ್ಪಂದ, ಐದು ಸ್ಟ್ರೆಚರ್

ನಮ್ಮ ಮೆಡಿಕಲ್ ಕಾಲೇಜು ಆಸ್ಪತ್ರೆ ಐದು ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು ಐದು ಕಟ್ಟಡ ಎಬ್ಬಿಸಿತು. ಒಂದು ಕಟ್ಟಡದ ಸ್ಟ್ರೆಚರ್ ಇನ್ನೊಂದರ ಬಾಗಿಲು ದಾಟಕೂಡದು ಅಂತ ಡೈರೆಕ್ಟರ್ ಗುರುಶಾಂತಪ್ಪನವರು ಆರ್ಡರ್ ಹೊರಡಿಸಿದರು. ರೋಗಿಗಳು ಗೋಳಾಡಿದರು. ಡೈರೆಕ್ಟರು ಅದನ್ನು ಬೆಳವಣಿಗೆ ಅಂದರು.

ಆರನೆಯ ಒಪ್ಪಂದಕ್ಕೆ ಅತಿಥಿಗಳು ಬಂದರು. ಅವರೆದುರೇ ಡೈರೆಕ್ಟರು ಸ್ಟ್ರೆಚರ್ ತಳ್ಳುವವನನ್ನು ಕರೆದರು. "ಎಮರ್ಜೆನ್ಸಿಯಿಂದ ಸ್ಕ್ಯಾನಿಂಗಿಗೆ ಎಷ್ಟು ಬೇಗ ಮುಟ್ಟಿಸ್ತೀವಿ, ತೋರಿಸು. ರೋಗಿ ಮಾತ್ರ ನರಳಬಾರದು!"

"ನರಳದೇ ಇರೋ ರೋಗೀನ ಎಲ್ಲಿಂದ ತರಲಿ ಸಾರ್? ನೀವೇ ಮಲಗಿಬಿಡಿ."

ಅತಿಥಿಗಳು ಚಪ್ಪಾಳೆ ತಟ್ಟಿದರು. ಡೈರೆಕ್ಟರು ಕೋಟಿನ ಸಮೇತ ಮಲಗಿದರು.

ಮೊದಲನೆಯ ಬಾಗಿಲಲ್ಲೇ ಅವನು ನಿಂತ. "ಇಳೀರಿ ಸಾರ್. ಮುಂದಕ್ಕೆ ಆ ಕಟ್ಟಡದವರ ಸ್ಟ್ರೆಚರು."

ಡೈರೆಕ್ಟರು ಇಳಿದರು, ಉರಿಬಿಸಿಲಲ್ಲಿ ನಡೆದರು, ಮತ್ತೆ ಹತ್ತಿದರು. ಮೂರನೆಯ ಕಟ್ಟಡದಲ್ಲಿ ಸ್ಟ್ರೆಚರಿನ ಬೀಗದ ಕೈ ಇಟ್ಟುಕೊಂಡವನು ಊಟಕ್ಕೆ ಹೋಗಿದ್ದ. ನಾಲ್ಕನೆಯದರ ಹೊತ್ತಿಗೆ ಟೈ ಬಿಚ್ಚಿ, "ಸೀದಾ ತಳ್ಳೋ!" ಅಂತ ಕೂಗಿದರು.

"ನಿಮ್ಮದೇ ಆರ್ಡರ್ ಸಾರ್," ಅಂತ ಅವನು ಕೈಕಟ್ಟಿ ನಿಂತ.

ಕೊನೆಗೆ ಸ್ಕ್ಯಾನಿಂಗ್ ಬಂತು. ಅತಿಥಿಯೊಬ್ಬರು ವಾಚು ನೋಡಿಕೊಂಡು, "ಮುಕ್ಕಾಲು ಗಂಟೆನಾ!" ಅಂದರು.

"ಗಟ್ಟಿಮುಟ್ಟಾಗಿರೋರಿಗೆ ಅಷ್ಟು ಸಾರ್," ಅಂದ ಅವನು. "ಕಾಯಿಲೆಯವರಿಗೆ ಇನ್ನೊಂಚೂರು ಜಾಸ್ತಿ."

ಸ್ಟ್ರೆಚರ್ ಮೇಲಿಂದ ಡೈರೆಕ್ಟರು ನರಳಿದ್ದು ಎಲ್ಲರಿಗೂ ಕೇಳಿಸಿತು.