ಮಾಡಿದವರಿಲ್ಲದ ವರದಿ

"ಸರ್, ಮಾಡಿದವರ ಹೆಸರಿಲ್ಲ ಅಂದಮಾತ್ರಕ್ಕೆ ಒಂದು ವಾಕ್ಯ ಸುಳ್ಳಾಗಿಬಿಡುತ್ತದೆಯೇ?"

ಓಬಳೇಶ ಇದನ್ನು ತಿಳಿದುಕೊಳ್ಳಲೆಂದು ಕೇಳಲಿಲ್ಲ. ಸಿಟ್ಟಿನಿಂದ ಕೇಳಿದ. ಅವನ ಮಹಾಪ್ರಬಂಧದ ಒಂದು ಅಧ್ಯಾಯವನ್ನು ಚನ್ನವೀರಯ್ಯ ಮೇಷ್ಟ್ರು ಮೂರನೆಯ ಸಲ ಹಿಂದಿರುಗಿಸಿದ್ದರು. ಕೆರೆಯ ಪಕ್ಕದ ಒಂದು ಕೇರಿಯನ್ನು ಒಕ್ಕಲೆಬ್ಬಿಸಿದ ಸಂಗತಿ ಅದರಲ್ಲಿತ್ತು. ಎಂಟು ತಿಂಗಳು ಅವನು ಆ ಜನರ ಹಿಂದೆ ತಿರುಗಿದ್ದ. ಅರವತ್ತು ಮಂದಿಯನ್ನು ಮಾತಾಡಿಸಿದ್ದ. ಕಚೇರಿಯ ಕಡತಗಳನ್ನು ಓದಿದ್ದ. ಮೇಷ್ಟ್ರು ಅದಾವುದರಲ್ಲೂ ತಪ್ಪು ಹುಡುಕಿರಲಿಲ್ಲ. 'ಮನೆಗಳನ್ನು ತೆರವುಗೊಳಿಸಲಾಯಿತು' ಎಂಬ ವಾಕ್ಯದ ಕೆಳಗೆ ಗೆರೆ ಎಳೆದು ಪಕ್ಕದಲ್ಲಿ 'ಯಾರು?' ಎಂದು ಬರೆದಿದ್ದರು. ಮೂರು ಸಲವೂ ಅಷ್ಟೇ.

"ನಾನು ಬರೆಯುತ್ತಿರುವುದು ರಾಜ್ಯಶಾಸ್ತ್ರದ ಪ್ರಬಂಧ ಸರ್, ಪೊಲೀಸ್ ಠಾಣೆಗೆ ಕೊಡುವ ದೂರಲ್ಲ. ಭಾಷೆ ತಟಸ್ಥವಾಗಿರಬೇಡವೇ?"

ಮೇಷ್ಟ್ರ ಮುಖ ಬಿಗಿಯಿತು. ಆದರೆ ದನಿ ಏರಲಿಲ್ಲ. "ಕೂತುಕೋ" ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ರಾಜ್ಯ. ಅಲ್ಲಿ ನದಿಯ ದಂಡೆಯಲ್ಲಿ ಕುಂಬಾರರ ಒಂದು ಕೇರಿ ಇತ್ತು. ಆ ದಂಡೆಯ ಮಣ್ಣು ಮಡಕೆಗೆ ಹೇಳಿ ಮಾಡಿಸಿದಂತಿತ್ತು. ರಾಜ್ಯದ ದಂಡನಾಯಕನಿಗೆ ಅದೇ ಜಾಗದಲ್ಲಿ ಕುದುರೆಲಾಯ ಕಟ್ಟಿಸಬೇಕು ಎನಿಸಿತು. ಒಂದು ಬೆಳಿಗ್ಗೆ ಅವನು ಇಪ್ಪತ್ತು ಆಳುಗಳನ್ನು ಕರೆದುಕೊಂಡು ಬಂದ. ಕುದುರೆಯಿಂದ ಇಳಿಯಲೂ ಇಲ್ಲ. "ಕೆಡವಿ" ಎಂದ.

ಒಬ್ಬ ಕುಂಬಾರ ತನ್ನ ಆವಿಗೆಗೆ ಅಡ್ಡ ನಿಂತ. ಒಳಗೆ ಬೇಯುತ್ತಿದ್ದ ಮಡಕೆಗಳಿದ್ದವು. "ಇದೊಂದು ಸುಟ್ಟು ಮುಗಿಯಲಿ ಸ್ವಾಮಿ, ಸಂಜೆಯ ಹೊತ್ತಿಗೆ ನಾನೇ ಬಿಟ್ಟು ಹೋಗುತ್ತೇನೆ" ಎಂದ. ಆಳುಗಳು ಕೈ ತಡೆದು ದಂಡನಾಯಕನ ಮುಖ ನೋಡಿದರು. ದಂಡನಾಯಕ ಮತ್ತೊಮ್ಮೆ "ಕೆಡವಿ" ಎಂದ. ಆವಿಗೆಯ ಗೋಡೆ ಕುಂಬಾರನ ಮೇಲೆ ಬಿತ್ತು. ಅವನ ಹೆಂಡತಿ ಹತ್ತು ಮಾರು ದೂರದಲ್ಲಿ ಮಣ್ಣು ತುಳಿಯುತ್ತಿದ್ದಳು. ಎಲ್ಲವನ್ನೂ ನೋಡಿದಳು.

ಸುದ್ದಿ ಅರಸನಿಗೆ ಮುಟ್ಟಿತು. ಅರಸ ಕೆಟ್ಟವನಲ್ಲ. ನಡೆದದ್ದೇನೆಂದು ತಿಳಿಯಬೇಕು, ತಪ್ಪು ಮಾಡಿದವರನ್ನು ಶಿಕ್ಷಿಸಬೇಕು ಎಂದು ಅವನು ಒಬ್ಬ ಪಂಡಿತನನ್ನು ಕಳಿಸಿದ. ರಾಜ್ಯ ನಡೆಯುವ ಬಗೆಯನ್ನು ಹನ್ನೆರಡು ವರ್ಷ ಓದಿದ ಪಂಡಿತ. ಅವನೂ ಕೆಟ್ಟವನಲ್ಲ. ಬಿಸಿಲಲ್ಲಿ ನಿಂತು ಬಿದ್ದ ಮನೆಗಳನ್ನು ಎಣಿಸಿದ. ನಲವತ್ತು ಮಂದಿಯನ್ನು ಬೇರೆಬೇರೆಯಾಗಿ ಕೂರಿಸಿ ಕೇಳಿದ. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ಹಿಡಿದು ನೋಡಿದ. ಆಳುಗಳನ್ನು ಕೇಳಿದ. ಕೊನೆಗೆ ದಂಡನಾಯಕನನ್ನೇ ಕೇಳಿದ. ಅವನು "ಹೌದು, ನಾನೇ ಹೇಳಿದೆ. ಏನೀಗ?" ಎಂದ. ಅದನ್ನೂ ಪಂಡಿತ ಬರೆದುಕೊಂಡ.

ಕುಂಬಾರಗಿತ್ತಿ ಅವನಿಗೆ ಎರಡು ಸಲ ಹೇಳಿದಳು. ಮೊದಲ ಸಲ ಅಳುತ್ತಾ ಹೇಳಿದಳು. ಎರಡನೆಯ ಸಲ ಅಳದೆ, ಯಾರು ಎಲ್ಲಿ ನಿಂತಿದ್ದರು, ಯಾರು ಏನು ಅಂದರು ಎಂದು ಒಂದೊಂದಾಗಿ ಹೇಳಿದಳು. ಅವನು ಬರೆದುಕೊಳ್ಳುವುದನ್ನು ಕಂಡು ಅವಳಿಗೆ ಸ್ವಲ್ಪ ಸಮಾಧಾನವಾಯಿತು. ಓದು ಬಲ್ಲವರೊಬ್ಬರು ನಮ್ಮ ಮಾತು ಬರೆದುಕೊಂಡರು, ಇನ್ನು ಇದನ್ನು ಯಾರೂ ಇಲ್ಲ ಅನ್ನುವಂತಿಲ್ಲ ಎಂದು ಕೇರಿಯವರಿಗೆಲ್ಲ ಹೇಳಿದಳು.

ಪಂಡಿತ ಎರಡು ತಿಂಗಳು ಕೂತು ವರದಿ ಬರೆದ. ಹಳೆಯ ಹನ್ನೊಂದು ಗ್ರಂಥಗಳನ್ನು ಉಲ್ಲೇಖಿಸಿದ. ಒಂದು ಅಕ್ಷರ ತಪ್ಪಿಲ್ಲದಂತೆ ತಿದ್ದಿದ.

ವರದಿಯನ್ನು ತುಂಬಿದ ಸಭೆಯಲ್ಲಿ ಓದಿದರು. ಕುಂಬಾರಗಿತ್ತಿ ಎರಡು ದಿನ ನಡೆದು ಬಂದು ಕಂಬದ ಬಳಿ ನಿಂತಿದ್ದಳು. 'ನದೀತೀರದ ವಸತಿಯನ್ನು ತೆರವುಗೊಳಿಸಲಾಯಿತು. ಆವಿಗೆಗಳನ್ನು ಕೆಡವಲಾಯಿತು. ಈ ಸಂದರ್ಭದಲ್ಲಿ ಒಂದು ಸಾವು ಸಂಭವಿಸಿತು' ಎಂದು ಓದುತ್ತಾ ಹೋದರು. ಸಭೆ ತಲೆದೂಗಿತು. ಎಂಥ ಸಂಯಮದ ಬರಹ ಎಂದು ಹಿರಿಯರು ಮೆಚ್ಚಿದರು.

ಅರಸ ಮಾತ್ರ ಮೆಚ್ಚಲಿಲ್ಲ. ವರದಿಯನ್ನು ಕೈಗೆ ತೆಗೆದುಕೊಂಡು ತಾನೇ ಓದಿದ. ಮತ್ತೆ ಓದಿದ. "ಇದರಲ್ಲಿ ನಾನು ಶಿಕ್ಷಿಸಬೇಕಾದದ್ದು ಯಾರನ್ನು?" ಎಂದು ಮಂತ್ರಿಯನ್ನು ಕೇಳಿದ. ಮಂತ್ರಿ ಹಾಳೆ ತಿರುವಿ, "ಪ್ರಭು, ಇದರಲ್ಲಿ ಆದದ್ದೆಲ್ಲ ಇದೆ. ಮಾಡಿದವರು ಯಾರೂ ಇಲ್ಲ" ಎಂದ. ದಂಡನಾಯಕ ಅರಸನ ಬಲಗಡೆಯಲ್ಲೇ ನಿಂತಿದ್ದ. ನೆಲ ನೋಡುತ್ತಿದ್ದ.

ಕುಂಬಾರಗಿತ್ತಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಉರಿಯಿತು. ಕಾವಲುಗಾರರನ್ನು ನೂಕಿಕೊಂಡು ಮುಂದೆ ಬಂದಳು.

"ಸಾವು ಸಂಭವಿಸಲಿಲ್ಲ ಸ್ವಾಮಿ, ಇವನು ಕೊಂದ!" ಎಂದು ದಂಡನಾಯಕನತ್ತ ಕೈ ಚಾಚಿದಳು. ಆಮೇಲೆ ಪಂಡಿತನ ಕಡೆ ತಿರುಗಿದಳು. "ನಾನು ಎರಡು ಸಲ ಹೆಸರು ಹೇಳಿದೆ. ನೀವು ಬರೆದುಕೊಂಡಿರಿ. ನಾನು ಕಣ್ಣಾರೆ ಕಂಡೆ ನೀವು ಬರೆದುಕೊಂಡದ್ದನ್ನು. ಅದನ್ನು ಎಲ್ಲಿಟ್ಟಿರಿ?"

"ತಾಯಿ, ನಿನ್ನ ಮಾತನ್ನು ನಾನು ಬಿಟ್ಟಿಲ್ಲ" ಎಂದ ಪಂಡಿತ. ಅವನು ಮೆಲ್ಲಗೆ, ಗೌರವದಿಂದಲೇ ಹೇಳಿದ. "ಅದನ್ನು ತೂಕದ ಭಾಷೆಗೆ ತಂದಿದ್ದೇನೆ."

"ಆ ತೂಕವೆಲ್ಲ ನನ್ನ ಗಂಡನ ಮೇಲೇ ಬಿತ್ತಲ್ಲ ಸ್ವಾಮಿ. ಕೊಂದವನ ಮೇಲೆ ಒಂದು ಅಕ್ಷರವೂ ಬೀಳಲಿಲ್ಲವಲ್ಲ!"

ಕಾವಲುಗಾರರು ಅವಳ ರಟ್ಟೆ ಹಿಡಿದು ಹೊರಗೆ ಕಳಿಸಿದರು. ಆ ಸಭೆಯ ಕಟ್ಟಳೆಯಂತೆ ಓದಿ ಒಪ್ಪಿದ ವರದಿಯ ಮೇಲೆ ಬಾಯಿಮಾತು ನಡೆಯುತ್ತಿರಲಿಲ್ಲ; ಅರಸನೂ ಅದನ್ನು ಮೀರುವಂತಿರಲಿಲ್ಲ. ಹಿಡಿಯಲು ಯಾರೂ ಸಿಗದೆ ಅರಸ ಅದನ್ನು ನೆರೆ ಬಂದಂಥ ಒಂದು ಆಪತ್ತು ಎಂದು ತೀರ್ಮಾನಿಸಿದ. ಕೇರಿಯವರಿಗೆ ಚಾಪೆ, ಕಂಬಳಿ, ಅಕ್ಕಿ ಕೊಡಿಸಿದ. ದೂರದ ಒಂದು ಚೌಳು ನೆಲದಲ್ಲಿ ಜಾಗ ತೋರಿಸಿದ. ಆ ಮಣ್ಣಿನಲ್ಲಿ ಮಡಕೆ ನಿಲ್ಲುತ್ತಿರಲಿಲ್ಲ.

ಮರುವರ್ಷ ದಂಡನಾಯಕನ ಕಣ್ಣು ನೇಕಾರರ ಕೇರಿಯ ಮೇಲೆ ಬಿತ್ತು. ಈ ಸಲ ಅವನು "ಕೆಡವಿ" ಎಂದು ಬಾಯಿ ಬಿಟ್ಟು ಹೇಳುವ ಮೊದಲು ಒಂದು ಓಲೆ ಕಳಿಸಿದ. 'ವಸತಿಯನ್ನು ತೆರವುಗೊಳಿಸಲಾಗುವುದು' ಎಂದು ಅದರಲ್ಲಿತ್ತು. ಆ ವಾಕ್ಯವನ್ನು ಅವನು ಪಂಡಿತನ ವರದಿಯಿಂದ ಕಲಿತಿದ್ದ.

ಕುಂಬಾರಗಿತ್ತಿ ಕೇಳಿದವಳೇ ನೇಕಾರರಲ್ಲಿಗೆ ಓಡಿದಳು. "ಅವನು ಬರುತ್ತಾನೆ. ಅಡ್ಡ ನಿಂತರೆ ಕೊಲ್ಲುತ್ತಾನೆ. ನನ್ನ ಗಂಡನನ್ನು ಕೊಂದವನು ಅವನೇ" ಎಂದು ಮನೆಮನೆಗೆ ಹೋಗಿ ಹೇಳಿದಳು. ನೇಕಾರರ ಯಜಮಾನ ತಿಳಿದವನು. ವರದಿಯ ಪ್ರತಿಯನ್ನು ತರಿಸಿ ಓದಿದ. "ಅಕ್ಕಾ, ನಿನ್ನ ದುಃಖ ದೊಡ್ಡದು. ಆದರೆ ಅರಮನೆಯ ಪಂಡಿತರು ಅಷ್ಟು ಮಂದಿಯನ್ನು ಕೇಳಿ ಬರೆದದ್ದರಲ್ಲಿ ಹಾಗೆಂದು ಇಲ್ಲವಲ್ಲ" ಎಂದ. ನೇಕಾರರು ಮಗ್ಗ ಬಿಚ್ಚಲಿಲ್ಲ. ಮಕ್ಕಳನ್ನು ಬೇರೆ ಊರಿಗೆ ಕಳಿಸಲಿಲ್ಲ. ದಂಡನಾಯಕ ಬಂದರೆ ಮಾತಾಡೋಣ ಎಂದು ಕಾದು ಕೂತರು.

ಅವನು ಬಂದ. ಅಲ್ಲಿ ಸತ್ತವರು ಏಳು ಮಂದಿ. ಮುಂದೆ ನಿಂತು ಮಾತಾಡಲು ಹೋದ ಯಜಮಾನನೇ ಮೊದಲಿಗ.

ಕುಂಬಾರಗಿತ್ತಿ ಆ ಏಳು ಹೆಣಗಳ ನಡುವೆ ನಿಂತು ಬಯ್ದಳು. ಆದರೆ ದಂಡನಾಯಕನನ್ನು ಬಯ್ಯಲಿಲ್ಲ. ಪಂಡಿತನನ್ನು ಬಯ್ದಳು. "ಅವನು ನನ್ನ ಗಂಡನನ್ನು ಕೊಂದ. ಇವರನ್ನು ಕೊಂದದ್ದು ನೀನು" ಎಂದಳು. ಕೇಳಿಸಿಕೊಳ್ಳಲು ಪಂಡಿತ ಅಲ್ಲಿರಲಿಲ್ಲ. ಅವನು ರಾಜಧಾನಿಯಲ್ಲಿ ಎರಡನೆಯ ವರದಿಯ ಮೊದಲ ಪುಟ ಬರೆಯುತ್ತಿದ್ದ.

ಮೇಷ್ಟ್ರು ಇಲ್ಲಿಗೆ ಕತೆ ನಿಲ್ಲಿಸಿದರು. ಓಬಳೇಶನ ಕಿವಿ ಬಿಸಿಯಾಗಿತ್ತು. ಬಂದಾಗ ಇದ್ದ ಸಿಟ್ಟು ಹೋಗಿರಲಿಲ್ಲ. ಅದು ಈಗ ಬೇರೆಯವನ ಮೇಲಿತ್ತು.

"ಎಂಥ ಹೇಡಿ ಸರ್ ಅವನು!" ಎಂದ. "ಎಲ್ಲ ಗೊತ್ತಿದ್ದೂ ದಂಡನಾಯಕನಿಗೆ ಹೆದರಿ ಹೆಸರು ನುಂಗಿದ."

ಮೇಷ್ಟ್ರು ಅವನನ್ನೇ ನೋಡಿದರು.

"ಅವನು ಯಾರಿಗೂ ಹೆದರಿರಲಿಲ್ಲ ಓಬಳೇಶ, ಹಾಗೆ ಬರೆಯುವುದೇ ಪಾಂಡಿತ್ಯ ಎಂದು ನಾವು ಅವನಿಗೆ ಕಲಿಸಿದ್ದೆವು."