ಗೌಡರ ಕಾರಿನ ಬಿಳಿ ಚುಕ್ಕೆಗಳು

ಪಂಪನಗೌಡರ ಹೊಸ ಕರಿಯ ಕಾರಿನ ಮೈಮೇಲೂ ಗಾಜಿನ ಮೇಲೂ ಬಿಳಿ ಚುಕ್ಕೆಗಳು ಎದ್ದಿದ್ದವು. ಕಾರು ತೊಳೆಯುವ ಹೊನ್ನೂರಮ್ಮನನ್ನು ಗೌಡರು ಬೀಗರೆದುರೇ ಗದರಿದರು.

“ನನ್ನ ಬೋರಿನ ನೀರು ಅಮೃತ. ದೋಷ ನಿನ್ನ ಕೈಯಾಗೈತಿ. ನಾಳೆಯಿಂದ ಕೆಲಸಕ್ಕೆ ಬರಬ್ಯಾಡ!”

ಆ ನೀರಿನ ಉಪ್ಪೇ ಚುಕ್ಕೆಯಾಗುತ್ತದೆಂದು ಹೊನ್ನೂರಮ್ಮ ಬಲ್ಲಳು. ಆದರೆ ಗೌಡರಿಗೆ ಹೇಳುವವರು ಯಾರು? ಅವಳು ವಿನೆಗರ್ ಬೆರೆಸಿದ ನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಚುಕ್ಕೆಗಳನ್ನು ಬಿಡಿಸಿದಳು. ಮನೆಯವರು ಕುಡಿಯಲು ತರಿಸಿದ್ದ ಕ್ಯಾನಿನ ಫಿಲ್ಟರ್ ನೀರಿನಿಂದ ತೊಳೆದು, ಒಂದು ಹನಿಯೂ ಉಳಿಯದಂತೆ ಒರೆಸಿದಳು. ಕಾರು ಕನ್ನಡಿಯಂತೆ ಹೊಳೆಯಿತು.

“ಗೌಡ್ರೇ, ಹೋಗೋಕೆ ಮುಂಚೆ ಒಂದಾಸೆ. ನಿಮ್ಮ ಅಮೃತದಾಗ, ನಿಮ್ಮ ಕೈಯಾರೆ ಒಮ್ಮೆ ತೊಳೆದು ತೋರಿಸ್ರಿ. ನೋಡಿ ಕಲೀತೀನಿ.”

ಗೌಡರು ಉಬ್ಬಿಹೋದರು. ಪಂಚೆ ಎತ್ತಿ ಕಟ್ಟಿ, ಪೈಪು ಹಿಡಿದು ಕಾರಿಗೆ ಸ್ನಾನ ಮಾಡಿಸಿದರು. ಬೀಗರು ಚಹಾ ಕುಡಿದು ಮುಗಿಸುವಷ್ಟರಲ್ಲಿ ಬಿಸಿಲಿಗೆ ನೀರು ಆರಿತು. ಕಾರಿನ ತುಂಬ ಮತ್ತೆ ಬಿಳಿ ಚುಕ್ಕೆ!

“ಏನ್ರೀ ಬೀಗರೇ, ನಿಮ್ಮ ಕೈಗೂ ಅದೇ ದೋಷ ಐತಲ್ಲ!” ಎಂದು ಬೀಗರು ಹೊಟ್ಟೆ ಹಿಡಿದು ನಕ್ಕರು.

ಹೊನ್ನೂರಮ್ಮ ಚೀಲ ಎತ್ತಿಕೊಂಡಳು. ಗೌಡರು ಅಡ್ಡ ಬಂದು, ದನಿ ತಗ್ಗಿಸಿ ಹೇಳಿದರು:

“ಎಲ್ಲಿಗೆ ಹೊಂಟಿ ತಾಯಿ? ನಾಳೆ ಜಲ್ದಿ ಬಾ. ಫಿಲ್ಟರ್ ನೀರಿನ ಕ್ಯಾನ್ ನಾನೇ ಹೊತ್ತು ತಂದಿಟ್ಟಿರ್ತೀನಿ.”